ಗಂಜಿ ಉಣ್ಣುವ ಹಿರಿಯರಿಗೆ ಪ್ರೊಟೀನ್ ಕೊಡುವುದು ಹೇಗೆ

ಮದ್ದಿನ ಚೀಟಿ ನೋಡುವ ಮೊದಲು ಊಟದ ಬಟ್ಟಲು ನೋಡುವುದು ನನ್ನ ಅಭ್ಯಾಸ. ಕಾಸರಗೋಡಿನ ಗಡಿ ಭಾಗದ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ಹೋಂ ಕೇರ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಹೋಗಿ ಆರೈಕೆ ಮಾಡುವ ನರ್ಸ್ ಆಗಿದ್ದೇನೆ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗುವ ವ್ಯವಸ್ಥೆ ಊರೂರಿಗೆ ಬಂತು. ಜೀಪು ಹೋಗುವಲ್ಲಿವರೆಗೆ ಜೀಪು, ಆಮೇಲೆ ಅಡಿಕೆ ತೋಟದ ಬದಿಯಲ್ಲಿ ನಡಿಗೆ. ಹೋದ ಮನೆಗಳಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಸಿಸ್ಟರೇ, ಅಮ್ಮನಿಗೆ ಊಟದ್ದೇನೂ ತೊಂದರೆ ಇಲ್ಲ. ಎರಡು ಹೊತ್ತು ಗಂಜಿ ಉಣ್ತಾರೆ, ಬೆಳಿಗ್ಗೆ ದೋಸೆ."

ಹೊಟ್ಟೆ ತುಂಬುತ್ತದೆ, ಸರಿ. ಆದರೆ ಅಮ್ಮನ ತೊಡೆ ಸೊರಗಿದೆ, ಕುಳಿತಲ್ಲಿಂದ ಏಳಲು ಎರಡೂ ಕೈ ಊರಬೇಕು, ಬೆನ್ನ ಕೆಳಗಿನ ಹುಣ್ಣು ತಿಂಗಳು ಕಳೆದರೂ ಮಾಯುವುದಿಲ್ಲ. "ವಯಸ್ಸಾಯ್ತಲ್ಲ" ಅಂತ ಮನೆಯವರು ಕೈಚೆಲ್ಲುವುದನ್ನು ಕಂಡಾಗ ನನಗೆ ಸಂಕಟ ಆಗುತ್ತದೆ. ವಯಸ್ಸಿನದ್ದು ಸ್ವಲ್ಪ ಉಂಟು, ಕಾಯಿಲೆಯದ್ದೂ ಉಂಟು. ಉಳಿದ ದೊಡ್ಡ ಪಾಲು ಬಟ್ಟಲಲ್ಲಿ ಪ್ರೊಟೀನ್ ಇಲ್ಲದ್ದು. ಅದನ್ನು ಮನೆಯ ಅಡುಗೆಯಲ್ಲೇ ಸರಿ ಮಾಡಲಿಕ್ಕೆ ಆಗುತ್ತದೆ. ಹೇಗೆ ಅಂತ ಮನೆಮನೆಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಎಷ್ಟು ಬೇಕು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ, ಮೈತೂಕದ ಒಂದೊಂದು ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕು. 65 ದಾಟಿದವರ ದೇಹ ಅಷ್ಟೇ ಪ್ರೊಟೀನಿನಿಂದ ಮೊದಲಿನ ಹಾಗೆ ಮಾಂಸಖಂಡ ಕಟ್ಟುವುದಿಲ್ಲ. ಆದ್ದರಿಂದ ಹಿರಿಯರ ಆರೋಗ್ಯದ ತಜ್ಞರು ಕಿಲೋಗೆ 1ರಿಂದ 1.2 ಗ್ರಾಂ ಕೊಡಿ ಅನ್ನುತ್ತಾರೆ. ಮಲಗಿ ಹುಣ್ಣಾದವರಿಗೆ 1.25ರಿಂದ 1.5 ಗ್ರಾಂ. ಅಂದರೆ 50 ಕಿಲೋ ತೂಕದ ಅಜ್ಜಿಗೆ ದಿನಕ್ಕೆ ಕಡಿಮೆಯೆಂದರೂ 50 ಗ್ರಾಂ ಬೇಕು, ಹುಣ್ಣಿದ್ದರೆ 60ಕ್ಕಿಂತ ಮೇಲೆ.

ಇದು ಪ್ರೊಟೀನಿನ ತೂಕ, ಬೇಳೆಯ ತೂಕ ಅಲ್ಲ. 100 ಗ್ರಾಂ ಹೆಸರುಬೇಳೆ ಅಂದರೆ 24 ಗ್ರಾಂ ಪ್ರೊಟೀನ್ ಮಾತ್ರ. ಈ ವ್ಯತ್ಯಾಸ ಒಮ್ಮೆ ತಲೆಗೆ ಹೋದರೆ ಉಳಿದ ಲೆಕ್ಕ ಸುಲಭ.

ಕೊಬ್ಬನ್ನು ದೇಹ ಕೂಡಿಡುತ್ತದೆ, ಪ್ರೊಟೀನಿಗೆ ಅಂಥ ಉಗ್ರಾಣ ಇಲ್ಲ. ಊಟದಲ್ಲಿ ಕಡಿಮೆ ಬಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಒಡೆದು ತೆಗೆದುಕೊಳ್ಳುತ್ತದೆ. ಮಲಗಿದಲ್ಲೇ ಇರುವವರಲ್ಲಿ ಇದು ಇನ್ನೂ ಬೇಗ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲಿನ ಮಾಂಸಖಂಡವೇ ಸುಮಾರು 1 ಕಿಲೋ ಕರಗಿತ್ತು. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜ ಮೂಳೆ ಕೂಡಿದ ಮೇಲೂ ನಡೆಯಲಾರದೆ ಇರುವುದು ಇದಕ್ಕೇ.

ತೂಕ ನೋಡಲು ಆಗದವರಿಗೆ ದರ್ಜಿಯ ಟೇಪು ಸಾಕು. ಮೊಣಕಾಲು ಮಡಚಿ, ಮೀನಖಂಡದ ಅತಿ ದಪ್ಪ ಜಾಗದಲ್ಲಿ, ಬಿಗಿಯದೆ ಸುತ್ತಿ ಅಳೆಯಿರಿ. 31 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮಾಂಸಖಂಡ ಕರಗಿದೆ ಅಂತ ತಿಳಿಯಿರಿ. ಕಾಲು ಬಾತಿದ್ದರೆ ಈ ಅಳತೆಯೂ ತೂಕವೂ ಎರಡೂ ಮೋಸ ಮಾಡುತ್ತವೆ. ಆಗ ತೋಳು, ಭುಜ, ಕೆನ್ನೆ ನೋಡಬೇಕು.

ಈಗಿನ ಬಟ್ಟಲಲ್ಲಿ ಎಷ್ಟುಂಟು

ನಮ್ಮ ಕಡೆಯ ಸಸ್ಯಾಹಾರಿ ಅಜ್ಜಿಯೊಬ್ಬರ ಸಾಧಾರಣ ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಎರಡು ನೀರುದೋಸೆ, ಕಾಯಿಚಟ್ನಿ, ಚಹಾ. 50 ಗ್ರಾಂ ಅಕ್ಕಿಯಲ್ಲಿ 4 ಗ್ರಾಂ ಪ್ರೊಟೀನ್, ಚಟ್ನಿಯ ತೆಂಗಿನಕಾಯಿಯಲ್ಲಿ 1 ಗ್ರಾಂ ಕೂಡ ಇಲ್ಲ, ಚಹಾದ ಹಾಲಿನಲ್ಲಿ ಒಂದೂವರೆ. ಮಧ್ಯಾಹ್ನ ಕುಚ್ಚಿಲಕ್ಕಿ ಗಂಜಿ, ಅದರಲ್ಲಿ 6. ಕೊದ್ದೆಲಿನಿಂದ (ಸಾಂಬಾರಿನಂಥ ಮೇಲೋಗರ) 2, ನೀರು ಮಜ್ಜಿಗೆಯಿಂದ 1. ಸಂಜೆ ಚಹಾ, ಒಂದು ಹಿಡಿ ಅವಲಕ್ಕಿ, ಎಲ್ಲ ಸೇರಿ ಮೂರೂವರೆ. ರಾತ್ರಿ ಪುನಃ ಗಂಜಿ, ಉಪ್ಪಿನಕಾಯಿ, 4. ಕೂಡಿಸಿದರೆ 23ರ ಆಸುಪಾಸು. ಬೇಕಾದದ್ದರ ಅರ್ಧವೂ ಆಗಲಿಲ್ಲ, ಅದರಲ್ಲೂ ಹೆಚ್ಚಿನದು ಅಕ್ಕಿಯಿಂದ ಬಂದದ್ದು.

ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಅನ್ನುವ ಅಗತ್ಯ ಅಮೈನೋ ಆಮ್ಲ (ಪ್ರೊಟೀನ್ ಕಟ್ಟುವ ಅಂಶ) ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ ಉಂಟು, ಆದರೆ ಮೆಥಿಯೋನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಸಾಲದು. ಅದು ಅಕ್ಕಿಯಲ್ಲಿ ಉಂಟು. ಹಾಗಾಗಿ ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ, ಹಸಿಯಾಗಿ ತೂಗಿ: ಇದು ಮನೆಯ ಎಲ್ಲರಿಗೂ ಹೊಂದುವ ಲೆಕ್ಕ. ಹಿರಿಯರಿಗೆ ನಾನು ಎರಡಕ್ಕೆ ಒಂದು ಹೇಳುತ್ತೇನೆ, ಯಾಕೆಂದರೆ ಅವರು ಒಟ್ಟು ಉಣ್ಣುವುದೇ ಕಡಿಮೆ.

ತಿಳಿ, ಕೂವೆ, ಸಾಬಕ್ಕಿ

ಕಾಯಿಲೆಯವರಿಗೆಂದು ನಮ್ಮಲ್ಲಿ ಪ್ರೀತಿಯಿಂದ ಮಾಡಿಕೊಡುವ ಪಥ್ಯದ ಆಹಾರಗಳಲ್ಲೇ ಪ್ರೊಟೀನ್ ಅತಿ ಕಡಿಮೆ. ಕೂವೆ ಹಿಟ್ಟಿನ ಗಂಜಿ ಹೊಟ್ಟೆಗೆ ಹಿತ, ಭೇದಿಯಾದಾಗ ಒಳ್ಳೆಯದು, ಆದರೆ ಅದು ಬರೀ ಪಿಷ್ಟ. ಸಾಬಕ್ಕಿಯೂ ಹಾಗೆಯೇ. ಬೊಂಡದ ನೀರಿನಲ್ಲಿ (ಎಳನೀರು) ಪ್ರೊಟೀನ್ ಇಲ್ಲವೆಂದೇ ಹೇಳಬೇಕು. ಎಲುಬಿನ ಸೂಪು ಕುಡಿಸುವ ಮನೆಗಳುಂಟು. ಬಿಸಿಬಿಸಿಯಾಗಿ ಗಂಟಲಿಗೆ ಚೆನ್ನ, ಆದರೆ ಪ್ರೊಟೀನ್ ಇರುವುದು ಮಾಂಸದಲ್ಲಿ, ಸೋಸಿದ ನೀರಿಗೆ ಇಳಿಯುವುದು ಅಲ್ಪ.

ಬೇಳೆಕಟ್ಟಿನದ್ದೂ ಇದೇ ಕಥೆ. ಆದೂರು ಕಡೆಯ ಒಂದು ಮನೆಯಲ್ಲಿ ಪಾರ್ಶ್ವವಾಯು ಆಗಿ ಮಲಗಿದ ಅಜ್ಜಿಗೆ ಸೊಸೆ ದಿನಾ ತಪ್ಪದೆ ಬೇಳೆ ಕೊಡುತ್ತಿದ್ದೇನೆ ಅಂದರು. ಒಮ್ಮೆ ಊಟದ ಹೊತ್ತಿಗೇ ಹೋಗಿದ್ದೆ. ಅವರು ಕುಕ್ಕರ್ ತೆರೆದು, ಮೇಲೆ ನಿಂತ ಹಳದಿ ತಿಳಿಯನ್ನು ಸೌಟಿನಿಂದ ಮೆಲ್ಲ ಬಗ್ಗಿಸಿ ಬಟ್ಟಲಿಗೆ ತುಂಬಿ, ಉಪ್ಪು, ಕಾಳುಮೆಣಸಿನ ಪುಡಿ, ಒಂದು ಹನಿ ತುಪ್ಪ ಹಾಕಿದರು. ಅಡಿಯಲ್ಲಿ ಕೂತ ಬೇಳೆಯನ್ನು ಮನೆಯವರ ಕೊದ್ದೆಲಿಗೆ ಇಟ್ಟರು. "ಅತ್ತೆಗೆ ಗಟ್ಟಿ ಬೇಳೆ ಜೀರ್ಣ ಆಗ್ಲಿಕ್ಕಿಲ್ಲ ಅಂತ, ಸಿಸ್ಟರೇ." ಅಕ್ಕರೆಗೆ ಅಲ್ಲಿ ಕಡಿಮೆ ಇರಲಿಲ್ಲ. ನಾನು ಅದೇ ಕುಕ್ಕರಿನಿಂದ ಎರಡು ಸೌಟು ಬೇಳೆ ತೆಗೆದು, ಕಡಗೋಲಿನಲ್ಲಿ ಕಡೆದು, ಅದೇ ತಿಳಿಯಲ್ಲಿ ಸಡಿಲ ಮಾಡಿ ಚಮಚದಲ್ಲಿ ಕೊಟ್ಟೆ. ಅಜ್ಜಿ ನುಂಗಿದರು, ಪುನಃ ಬಾಯಿ ತೆರೆದರು. ಚೆನ್ನಾಗಿ ಬೆಂದು ಕಡೆದ ಹೆಸರುಬೇಳೆ ಜೀರ್ಣವಾಗದ ಹಿರಿಯರನ್ನು ನಾನು ಕಂಡದ್ದು ಬಹಳ ಕಡಿಮೆ.

ತೆಂಗಿನಕಾಯಿಯ ಬಗ್ಗೆಯೂ ಹೇಳಬೇಕು. ನಮ್ಮ ಕೊದ್ದೆಲು, ಮೇಲಾರ, ಸಾಸ್ಮೆಯಂಥ ಕಾಯಿ ಅರೆದ ಅಡುಗೆಗಳೆಲ್ಲ ಮಂದವಾಗಿರುತ್ತವೆ. ಆ ಮಂದ ಕಾಯಿಯದ್ದು. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಪ್ರೊಟೀನ್ 4 ಗ್ರಾಂ ಕೂಡ ಇಲ್ಲ, ಕೊಬ್ಬು 40ರ ಆಸುಪಾಸು. ತೂಕ ಇಳಿದವರಿಗೆ ಆ ಕೊಬ್ಬು ಒಳ್ಳೆಯದೇ, ಬಿಡಬೇಡಿ. ಅದನ್ನು ಬೇಳೆಯ ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟೆ.

ಕೈಗೆ ಅಳತೆ ಕೂರಿಸಿಕೊಳ್ಳುವುದು

ದಿನಾ ತಕ್ಕಡಿ ಹಿಡಿಯುವುದು ಯಾರಿಂದಲೂ ಆಗದು. ಒಮ್ಮೆ ಅಂಗಡಿಯಲ್ಲಿ ಸರಿಯಾಗಿ 30 ಗ್ರಾಂ ಹೆಸರುಬೇಳೆ ತೂಗಿಸಿ ತನ್ನಿ. ಮನೆಯ ಒಂದು ಸಣ್ಣ ಸ್ಟೀಲ್ ಲೋಟಕ್ಕೆ ಹಾಕಿ ಎಲ್ಲಿಯವರೆಗೆ ಬರುತ್ತದೆ ನೋಡಿ, ಅಲ್ಲೊಂದು ಗೆರೆ ಗೀರಿ. ಆ ಲೋಟ ಬೇಳೆ ಡಬ್ಬಿಯೊಳಗೇ ಇರಲಿ. ಒಂದು ಗೆರೆ ಅಂದರೆ 7 ಗ್ರಾಂ ಪ್ರೊಟೀನ್. ತೊಗರಿ, ಉದ್ದು, ಹುರುಳಿ, ಕಡಲೆ, ಅಲಸಂಡೆ ಬೀಜ ಎಲ್ಲ 100 ಗ್ರಾಂಗೆ 20ರಿಂದ 24 ಗ್ರಾಂ ಒಳಗೇ ಬರುವುದರಿಂದ ಯಾವುದನ್ನು ಅಳೆದರೂ ಒಂದು ಗೆರೆಗೆ 6-7 ಗ್ರಾಂ ಅಂತ ಹಿಡಿಯಬಹುದು.

ಸಾಮಾನಿನ ಖರ್ಚಿನ ಬಗ್ಗೆ: ಕೇರಳ ಸರಕಾರದ ಸಪ್ಲೈಕೋ ಸಂಸ್ಥೆಯ ಮಾವೇಲಿ ಸ್ಟೋರಿನಲ್ಲಿ ಸಬ್ಸಿಡಿ ದರಕ್ಕೆ ಸಿಗುವ 13 ಸಾಮಾನುಗಳಲ್ಲಿ ಹೆಸರು, ಉದ್ದು, ಕಡಲೆ, ಕೆಂಪು ಅಲಸಂಡೆ ಬೀಜ, ತೊಗರಿಬೇಳೆ ಐದೂ ಉಂಟು. ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ. ಅಕ್ಕಿ, ಸಕ್ಕರೆ ಮಾತ್ರ ತಂದು ಕಾಳನ್ನು ಅಲ್ಲೇ ಬಿಟ್ಟು ಬರುವವರು ಬಹಳ ಜನ.

ಹೊತ್ತು ಹೊತ್ತಿಗೆ

ಪ್ರೊಟೀನನ್ನು ಒಂದೇ ಹೊತ್ತಿಗೆ ತುಂಬಿಸಿದರೆ ಹಿರಿಯರ ದೇಹಕ್ಕೆ ಅಷ್ಟು ಉಪಯೋಗ ಇಲ್ಲ. ಮೂರು ಹೊತ್ತೂ ಹಂಚಬೇಕು, ಸಂಜೆಗೂ ಸ್ವಲ್ಪ ಇರಬೇಕು. ನಮ್ಮಲ್ಲಿ ಬೆಳಗಿನ ಹೊತ್ತು ಮತ್ತು ರಾತ್ರಿ ಎರಡೂ ಖಾಲಿ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಬೆಳಿಗ್ಗೆ ಅತಿ ಸುಲಭದ ಬದಲಾವಣೆ ನೀರುದೋಸೆಯಿಂದ ಉದ್ದಿನ ದೋಸೆಗೆ ಬರುವುದು. 60 ಗ್ರಾಂ ಅಕ್ಕಿಯ ನೀರುದೋಸೆಯಲ್ಲಿ 5 ಗ್ರಾಂ ಕೂಡ ಇಲ್ಲ. ಅದೇ ಅಕ್ಕಿಗೆ 20 ಗ್ರಾಂ ಉದ್ದು ಸೇರಿಸಿ ಅರೆದರೆ 9 ದಾಟುತ್ತದೆ. ಮಿತವ್ಯಯಕ್ಕೆಂದು ಆರು ಪಾಲು ಅಕ್ಕಿಗೆ ಒಂದು ಉದ್ದು ಹಾಕುವ ಮನೆಗಳಲ್ಲಿ, ಹಿರಿಯರ ಪಾಲಿನ ಹಿಟ್ಟಿಗಾದರೂ ಮೂರಕ್ಕೆ ಒಂದು ಹಾಕಿ. ಇನ್ನೂ ಒಳ್ಳೆಯದು ಹೆಸರುದೋಸೆ. 40 ಗ್ರಾಂ ಇಡೀ ಹೆಸರನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಚಮಚ ಅಕ್ಕಿ, ಶುಂಠಿ, ಜೀರಿಗೆಯೊಂದಿಗೆ ನುಣ್ಣಗೆ ಅರೆದು ಆಗಲೇ ಎರೆಯಿರಿ, ಹುಳಿ ಬರಿಸುವುದು ಬೇಡ. ಮೆತ್ತಗೆ ಬರುತ್ತದೆ, 10 ಗ್ರಾಂ ಸಿಗುತ್ತದೆ. ನೀರುದೋಸೆಯೇ ಬೇಕು ಅನ್ನುವ ಅಜ್ಜಂದಿರಿಗೆ ಚಟ್ನಿಯ ಬದಲು ಕಡಲೆ ಗಸಿ ಕೊಡಿ. ನೆರೆಯ ಮಲಯಾಳಿ ಮನೆಗಳ ಪುಟ್ಟು-ಕಡಲೆ ಎಷ್ಟು ಒಳ್ಳೆಯ ಜೋಡಿ ಅಂದರೆ, ಹಲ್ಲಿದ್ದವರಿಗೆ ಅದಕ್ಕಿಂತ ಒಳ್ಳೆಯ ಬೆಳಗಿನ ತಿಂಡಿ ನನಗೆ ಗೊತ್ತಿಲ್ಲ.

ಮಧ್ಯಾಹ್ನಕ್ಕೆ ಬೇರೆ ಅಡುಗೆ ಬೇಡ. ಐದು ಜನರ ಕೊದ್ದೆಲಿಗೆ ನಾವು ಹಾಕುವ ಬೇಳೆ ಎರಡು ಹಿಡಿ, ಸುಮಾರು 60 ಗ್ರಾಂ. ಒಬ್ಬರಿಗೆ ಬರುವುದು ಎರಡೂವರೆ ಗ್ರಾಂ ಪ್ರೊಟೀನ್. ಅದಕ್ಕೆ ಗೆರೆಯ ಲೋಟದಿಂದ ಒಂದು ಅಳತೆ ಹೆಚ್ಚು ಹಾಕಿ ಬೇಯಿಸಿ. ಕುಕ್ಕರ್ ತೆರೆದ ಕೂಡಲೇ, ತರಕಾರಿ ಮಸಾಲೆ ಸೇರಿಸುವ ಮೊದಲು, ಅಡಿಯಿಂದ ಎರಡು ಸೌಟು ಬೇಳೆ ಹಿರಿಯರಿಗೆಂದು ತೆಗೆಯಿರಿ. ಉಪ್ಪು, ಜೀರಿಗೆ ಒಗ್ಗರಣೆ, ನಾಲ್ಕು ಹನಿ ನಿಂಬೆ ಹಾಕಿದರೆ ತೊವ್ವೆ ಆಯಿತು. ಬಸಳೆಗೆ ಅಲಸಂಡೆ ಬೀಜ ಹಾಕುವ ರೂಢಿ ಹೇಗೂ ಉಂಟು, ಬೀಜ ಸ್ವಲ್ಪ ಹೆಚ್ಚು ಹಾಕಿ, ಬಸಳೆ ಸ್ವಲ್ಪ ಕಡಿಮೆ ಮಾಡಿ. ಮಜ್ಜಿಗೆ ನೀರು ಮಾಡುವ ಬದಲು ಗಟ್ಟಿ ಮೊಸರು ಒಂದು ಬಟ್ಟಲು, 3 ಗ್ರಾಂಗಿಂತ ಮೇಲೆ. ಹಲಸಿನ ಕಾಲದಲ್ಲಿ ಹಲಸಿನ ಬೀಜವನ್ನು ಎಲ್ಲದಕ್ಕೂ ಹಾಕುತ್ತೇವೆ, ಹಾಕಲಿ. ಅದರಲ್ಲಿ 100 ಗ್ರಾಂಗೆ 6 ಗ್ರಾಂ ಸಿಗುತ್ತದೆ, ಗೆಣಸಿಗಿಂತ ಎಷ್ಟೋ ವಾಸಿ. ಆದರೆ ಕಾಳಿನ ಸ್ಥಾನ ಅದು ತುಂಬುವುದಿಲ್ಲ.

ರಾತ್ರಿಯ ಗಂಜಿಯನ್ನು ಬಿಡಿಸಲು ಹೋಗಬೇಡಿ. ಹಲವರಿಗೆ ಅದು ಜೀವನದ ಊಟ. ಅದರೊಳಗೇ ಬೇಳೆ ಸೇರಿಸಿ. ಒಬ್ಬರಿಗೆ ಕುಚ್ಚಿಲಕ್ಕಿ ನುಚ್ಚು 40 ಗ್ರಾಂ, ಹೆಸರುಬೇಳೆ ಒಂದು ಗೆರೆ. ಬೇಳೆಯನ್ನು ಪರಿಮಳ ಬರುವಷ್ಟು ಹುರಿದು, ನುಚ್ಚಿನೊಟ್ಟಿಗೆ ತೊಳೆದು, ಎರಡು ಲೋಟ ನೀರು, ಸ್ವಲ್ಪ ಜಜ್ಜಿದ ಶುಂಠಿ ಹಾಕಿ ಕುಕ್ಕರಿನಲ್ಲಿ ಆರು ಸೀಟಿ. ಇಳಿಸಿ ಕಡಗೋಲಿನಲ್ಲಿ ಎರಡು ಸುತ್ತು. ಉಪ್ಪು, ತುಪ್ಪ. ಬಿಸಿ ಸ್ವಲ್ಪ ಇಳಿದ ಮೇಲೆ ಒಂದು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಸೇರಿಸಿದರೆ ಇನ್ನೂ 3 ಗ್ರಾಂ. ಬರೀ ಗಂಜಿಯಲ್ಲಿ 4 ಇದ್ದದ್ದು ಈಗ 13. ಬಟ್ಟಲು ಅದೇ, ಚಮಚ ಅದೇ, ಉಪ್ಪಿನಕಾಯಿಯ ಎಸಳೂ ಅದೇ.

ಹಾಲಿನ ಪುಡಿಯನ್ನು ನಾನು ಎಲ್ಲ ಮನೆಯಲ್ಲೂ ಹೇಳುತ್ತೇನೆ. 100 ಗ್ರಾಂಗೆ ಸುಮಾರು 35 ಗ್ರಾಂ ಪ್ರೊಟೀನ್. ಅಗಿಯುವುದು ಬೇಡ, ರುಚಿ ಕೆಡಿಸುವುದಿಲ್ಲ, ಒಂದು ಲೋಟ ಹಾಲಿಗೆ ಎರಡು ಚಮಚ ಕದಡಿದರೆ ಆ ಲೋಟದ ಬಲ ಹತ್ತಿರಹತ್ತಿರ ಎರಡು ಪಟ್ಟು ಆಗುತ್ತದೆ. ಸೋಯಾ ಚಂಕ್ಸ್‌ನಲ್ಲಿ ಇನ್ನೂ ಹೆಚ್ಚು, 50 ದಾಟುತ್ತದೆ. ಹಲ್ಲಿಲ್ಲದವರಿಗೆ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಿಕ್ಸಿಗೆ ಹಾಕಿ ಪಲ್ಯದಲ್ಲಿ ಬೆರೆಸಬೇಕು.

ಮೀನು, ಮೊಟ್ಟೆ ತಿನ್ನುವ ಮನೆಗಳಲ್ಲಿ

ಇಲ್ಲಿ ಕೆಲಸ ಸುಲಭ ಆಗಬೇಕಿತ್ತು. ಆದರೆ ಮುಳ್ಳಿನ ಹೆದರಿಕೆಗೆ ಅಜ್ಜಿಗೆ ಸಾರು ಮಾತ್ರ ಬಡಿಸಿ, ಮೀನನ್ನು ಮಕ್ಕಳಿಗೆ ಹಾಕುತ್ತಾರೆ. ಬಂಗುಡೆ, ಬೂತಾಯಿಯ 100 ಗ್ರಾಂ ಮಾಂಸದಲ್ಲಿ 18 ಗ್ರಾಂ ಆಸುಪಾಸು ಪ್ರೊಟೀನ್ ಇರುತ್ತದೆ. ಬೇಯಿಸಿದ ಬಂಗುಡೆಯ ನಡುಮುಳ್ಳು ತೆಗೆದು, ಮಾಂಸವನ್ನು ಬೆರಳಲ್ಲಿ ಉಜ್ಜಿ ಮುಳ್ಳು ನೋಡಿ, ಗಂಜಿಗೆ ಕಲಸಿ. ಐದು ನಿಮಿಷದ ಕೆಲಸ. ಒಣಮೀನಿನಲ್ಲಿ ಪ್ರೊಟೀನ್ ಉಂಟು, ಉಪ್ಪೂ ಅಷ್ಟೇ ಉಂಟು, ಬಿಪಿ ಇದ್ದವರಿಗೆ ಬೇಡ.

ಮೊಟ್ಟೆ ಒಂದಕ್ಕೆ 6 ಗ್ರಾಂ. ಹಳದಿ ಬಿಸಾಡಿ ಬಿಳಿ ಮಾತ್ರ ಕೊಡುವವರು ಸುಮಾರು ಐದರಲ್ಲಿ ಎರಡು ಪಾಲು ಪ್ರೊಟೀನನ್ನು ಬಿಸಾಡುತ್ತಾರೆ. ದಿನಕ್ಕೆ ಒಂದು ಇಡೀ ಮೊಟ್ಟೆ ಹೆಚ್ಚಿನ ಹಿರಿಯರಿಗೆ ಆಗುತ್ತದೆ. ಹಸಿ ಮೊಟ್ಟೆ ಹಾಲಿಗೆ ಒಡೆದು ಕುಡಿಸುವ ಹಳೆಯ ರೂಢಿ ಬಿಡಿ. ಬೇಯಿಸಿದ ಮೊಟ್ಟೆಯ ಪ್ರೊಟೀನ್ ನೂರಕ್ಕೆ 90ರಷ್ಟು ದೇಹಕ್ಕೆ ಹಿಡಿಯುತ್ತದೆ, ಹಸಿಯದ್ದು ಸುಮಾರು 50, ಜೊತೆಗೆ ಸೋಂಕಿನ ಭಯ ಬೇರೆ. ಗಂಜಿ ಕುದಿಯುತ್ತಿರುವಾಗ ಕದಡಿದ ಮೊಟ್ಟೆಯನ್ನು ನೂಲಿನ ಹಾಗೆ ಬಿಟ್ಟು ಎರಡು ನಿಮಿಷ ಕುದಿಸಿ, ಹಲ್ಲಿಲ್ಲದವರಿಗೂ ಸಲೀಸು.

ಉಷ್ಣ, ವಾಯು, ಒಪ್ಪತ್ತು

ಹುರುಳಿ ಉಷ್ಣ, ಉದ್ದು ವಾಯು, ಹೆಸರು ತಂಪು ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ನಾನು ವಾದ ಮಾಡುವುದಿಲ್ಲ. ಅಜ್ಜ ಹುರುಳಿ ಉಷ್ಣ ಅಂದರೆ ಬೇಸಗೆಯಲ್ಲಿ ಹೆಸರು ಕೊಡಿ, ಆಟಿಯ ಮಳೆಗೆ ಹುರುಳಿ ಸಾರು ಕೊಡಿ. ಪ್ರೊಟೀನ್ ಎರಡರಲ್ಲೂ ಒಂದೇ ಸಮ. ಗ್ಯಾಸಿನ ತೊಂದರೆ ಮಾತ್ರ ನಿಜ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಇಂಗು, ಶುಂಠಿ, ಜೀರಿಗೆ ಹಾಕಿ. ಮೊದಲ ವಾರ ಅರ್ಧ ಅಳತೆ, ಆಮೇಲೆ ಏರಿಸಿ. ಹಸಿ ಮೊಳಕೆಕಾಳು ಹಿರಿಯರಿಗೆ ಬೇಡ. ಕಾಳಿನಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶವುಂಟು, ಬೇಯಿಸಿದಾಗಲೇ ಅದು ಹೋಗುವುದು. ಮೊಳಕೆ ಬರಿಸಿದರೂ ಬೇಯಿಸಿಯೇ ಕೊಡಿ.

ಒಪ್ಪತ್ತು ಮಾಡುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರ ವ್ರತ ಮುರಿಸುವ ಹಕ್ಕು ನನಗಿಲ್ಲ. ಉಣ್ಣುವ ಒಂದು ಹೊತ್ತಿನಲ್ಲಿ ತೊವ್ವೆ ಎರಡು ಪಾಲು ಬಡಿಸಿ, ರಾತ್ರಿಯ ಫಲಾಹಾರಕ್ಕೆ ಬಾಳೆಹಣ್ಣಿನ ಜೊತೆ ಹಾಲಿನ ಪುಡಿ ಕದಡಿದ ಹಾಲು, ಮೊಸರವಲಕ್ಕಿಗೆ ಹುರಿದು ಪುಡಿ ಮಾಡಿದ ನೆಲಗಡಲೆ ಹಾಕಿ. ನೆಲಗಡಲೆಯಲ್ಲಿ 100 ಗ್ರಾಂಗೆ 23 ಗ್ರಾಂ ಉಂಟು.

ಸಂಜೆಗೆ ಹುರಿಹಿಟ್ಟು

ಅಂಗನವಾಡಿಯಿಂದ ಸಣ್ಣ ಮಕ್ಕಳಿಗೆ ಕೊಡುವ ಅಮೃತಂ ನ್ಯೂಟ್ರಿಮಿಕ್ಸ್ ನಿಮಗೆ ಗೊತ್ತು. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸುವ ಆ ಹದವನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಪುಡಿ ತಯಾರಿಸುವುದು ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಘಟಕಗಳು. ಮಗುವಿನ ಪಾಲು ಮಗುವಿಗೇ ಹೋಗಲಿ. ಅದೇ ತತ್ತ್ವದಲ್ಲಿ ಹಿರಿಯರಿಗೊಂದು ಪುಡಿ ಮನೆಯಲ್ಲೇ ಮಾಡಬಹುದು: ಗೋಧಿ 100 ಗ್ರಾಂ, ಹುರಿಗಡಲೆ 100, ಹೆಸರುಬೇಳೆ 50, ನೆಲಗಡಲೆ 50. ಒಂದೊಂದನ್ನೇ ಬೇರೆಬೇರೆ ಹುರಿಯಿರಿ. ಗೋಧಿಯೂ ಹೆಸರೂ ಚೆನ್ನಾಗಿ ಕೆಂಪಗಾಗಬೇಕು, ಅರೆಹುರಿದರೆ ಹೊಟ್ಟೆ ಉಬ್ಬರಿಸುತ್ತದೆ. ನೆಲಗಡಲೆಯ ಸಿಪ್ಪೆ ತೆಗೆದು, ಕಪ್ಪಾದ, ಮುರುಟಿದ, ಮುಗ್ಗು ವಾಸನೆಯ ಕಾಳನ್ನು ಒಂದೂ ಬಿಡದೆ ಆರಿಸಿ ಬಿಸಾಡಿ. ನಮ್ಮ ಮಳೆಗಾಲದ ತೇವಕ್ಕೆ ಬರುವ ಬೂಷ್ಟಿನಲ್ಲಿ ಯಕೃತ್ತಿಗೆ ಕೆಡುಕು ಮಾಡುವ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಎಲ್ಲ ಆರಿದ ಮೇಲೆ ಏಲಕ್ಕಿಯೊಂದಿಗೆ ಪುಡಿ ಮಾಡಿ ಒಣಗಿದ ಡಬ್ಬಿಯಲ್ಲಿಡಿ. ನೆಲಗಡಲೆಯ ಎಣ್ಣೆ ಬೇಗ ಕಮಟಾಗುವುದರಿಂದ ಎರಡು ವಾರಕ್ಕೆ ಬೇಕಾದಷ್ಟೇ ಮಾಡಿ. ಮೂರು ದೊಡ್ಡ ಚಮಚ ಪುಡಿಯನ್ನು ಒಂದು ಲೋಟ ಹಾಲಿನಲ್ಲಿ ಕುದಿಸಿದರೆ 10 ಗ್ರಾಂ ಸಿಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಿಗೆ ಬೆಲ್ಲ ಹಾಕಿ.

ಪೇಟೆಯ ಟಿನ್ ಪುಡಿಗಳನ್ನು ಕೊಳ್ಳುವ ಮೊದಲು ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂಗೆ ಎಷ್ಟು ಪ್ರೊಟೀನ್ ಅಂತ ಓದಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಹೆಚ್ಚಾಗಿ 10ರ ಆಸುಪಾಸು ಇರುತ್ತದೆ, ಮೇಲಿನ ಹುರಿಹಿಟ್ಟಿನಲ್ಲಿ 18ರ ಹತ್ತಿರ ಉಂಟು.

ತಿನ್ನಲೊಲ್ಲದವರಿಗೆ

ಬೇಡ ಅಂದರೆ ಕಾರಣ ಹುಡುಕಿ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ: ನಾಲಿಗೆಯ ಮೇಲೆ ಬಿಳಿ ಪದರ, ಒಸಡಿನ ಹುಣ್ಣು, ಸಡಿಲವಾದ ಹಲ್ಲಿನ ಸೆಟ್ಟು. ಎಷ್ಟೋ ಸಲ ಬಾಯಿಯ ಫಂಗಸ್ಸಿಗೆ ಮದ್ದು ಹಾಕಿದ ಮೂರನೇ ದಿನಕ್ಕೆ ಊಟ ಸರಿಯಾಗುತ್ತದೆ. ಮಲ ಬಿಗಿದಿದ್ದರೂ ಹಸಿವಾಗುವುದಿಲ್ಲ. ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಇದು ಇದ್ದದ್ದೇ, ಮದ್ದು ಕೇಳಿ. ಬಟ್ಟಲಿನಲ್ಲಿ ಪ್ರೊಟೀನ್ ಇರುವುದನ್ನು ಮೊದಲು ತಿನ್ನಿಸಿ, ಗಂಜಿ ಆಮೇಲೆ. ನಾಲ್ಕು ಚಮಚಕ್ಕೆ ಸಾಕು ಅನ್ನುವವರಿಗೆ ಆ ನಾಲ್ಕು ಚಮಚ ತೊವ್ವೆಯಾಗಿರಲಿ. ಒಂದು ಮಾತು ಗಂಡುಮಕ್ಕಳಿಗೆ: ತಾಯಿ ಹತ್ತಿರ ಕೂತು ನೀವೂ ಉಣ್ಣಿ. ಒಬ್ಬರೇ ಗೋಡೆ ನೋಡುತ್ತಾ ಉಣ್ಣುವವರಿಗಿಂತ ಮಗನ ಜೊತೆ ಉಣ್ಣುವವರು ಹೆಚ್ಚು ಉಣ್ಣುತ್ತಾರೆ. ಇದನ್ನು ನಾನು ಮನೆಮನೆಯಲ್ಲಿ ನೋಡಿದ್ದೇನೆ.

ಎಚ್ಚರ ಬೇಕಾದಲ್ಲಿ

ಕಿಡ್ನಿ ಕಾಯಿಲೆ ಇದ್ದವರಿಗೆ ಮೇಲಿನ ಅಳತೆ ಹೊಂದುವುದಿಲ್ಲ. ಡಯಾಲಿಸಿಸ್ ಶುರುವಾಗದವರಿಗೆ ವೈದ್ಯರು ಹೆಚ್ಚಾಗಿ ಕಿಲೋಗೆ 0.6ರಿಂದ 0.8 ಗ್ರಾಂಗೆ ಇಳಿಸುತ್ತಾರೆ. ಡಯಾಲಿಸಿಸ್ ಆಗುತ್ತಿರುವವರಿಗೆ ಪುನಃ 1ಕ್ಕೆ, 1.2ಕ್ಕೆ ಏರಿಸಬೇಕಾಗುತ್ತದೆ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ತೋರಿಸಿ ಕೇಳದೆ ಏನನ್ನೂ ಬದಲಿಸಬೇಡಿ. ಪಾರ್ಕಿನ್ಸನ್ ಇದ್ದವರು ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಊಟದ ಪ್ರೊಟೀನ್ ಜೊತೆ ಹೋದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ.

ಜೀವ ಮುಗಿಯುವ ಹಂತಕ್ಕೆ ಬಂದವರಿಗೆ ಈ ಯಾವ ಲೆಕ್ಕವೂ ಬೇಡ. ದಿನದ ಹೆಚ್ಚಿನ ಹೊತ್ತು ನಿದ್ದೆ, ನೀರು ನುಂಗಲೂ ಕಷ್ಟ ಅನ್ನುವಾಗ ದೇಹಕ್ಕೆ ಆಹಾರ ಬೇಕಾಗುವುದಿಲ್ಲ. ಒತ್ತಾಯ ಮಾಡಿ ತಿನ್ನಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿ ಒದ್ದೆ ಮಾಡುತ್ತಾ, ಇಷ್ಟದ್ದೇನಾದರೂ ಕೇಳಿದರೆ ತುಟಿಗೆ ಮುಟ್ಟಿಸಿದರೆ ಸಾಕು. ಉಣ್ಣಿಸದೆ ಬಿಟ್ಟೆವು ಅಂತ ಮನೆಯವರು ಕೊರಗುವುದು ಬೇಡ.

ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವವರಿಗೂ ಹೆಸರುಬೇಳೆ ಗಂಜಿಯೇ ಆಧಾರ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಜರಡಿಯಲ್ಲಿ ಉಳಿದದ್ದನ್ನು ಬಿಸಾಡದೆ ಇನ್ನೊಮ್ಮೆ ಅರೆದು ಸೋಸಿ. ಹಾಲಿನ ಪುಡಿ ಕದಡಿ, ಉಗುರುಬೆಚ್ಚಗೆ, ಒಂದು ಸಲಕ್ಕೆ 200ರಿಂದ 250 ಮಿಲಿಲೀಟರ್. ಕೊಡುವ ಮೊದಲು ಟ್ಯೂಬ್ ಸರಿಯಾದ ಜಾಗದಲ್ಲಿ ಇದೆಯಾ ಅಂತ ನರ್ಸ್ ಕಲಿಸಿದಂತೆ ನೋಡಿ. ತಲೆದಿಂಬು ಎತ್ತರಿಸಿ ಅರ್ಧ ಕೂತ ಹಾಗೆ ಮಾಡಿ, ಕೊಟ್ಟ ಮೇಲೂ ಒಂದು ಗಂಟೆ ಹಾಗೆಯೇ ಇರಲಿ. ಸಿರಿಂಜನ್ನು ಒತ್ತಬೇಡಿ, ಎತ್ತರಕ್ಕೆ ಹಿಡಿದರೆ ತಾನಾಗಿ ಇಳಿಯುತ್ತದೆ. ಕೊನೆಗೆ 50 ಮಿಲಿಲೀಟರ್ ಕುದಿಸಿ ಆರಿಸಿದ ನೀರು ಬಿಟ್ಟು ಟ್ಯೂಬ್ ತೊಳೆಯಿರಿ, ಇಲ್ಲದಿದ್ದರೆ ಬೇಳೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಂದು ಹೊತ್ತಿಗೆ ಮಾಡಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟು ಪುನಃ ಕೊಡಬೇಡಿ.